ಬೇರೆಯವರು ಹಾಸಿದ ಹಾಸಿಗೆ

ಹೊರಡುವ ಮೊದಲೇ ಅಕ್ಕ ಷರತ್ತು ಹಾಕಿದ್ದಳು. ಎರಡು ದಿನದ ಈ ಪ್ರವಾಸದಲ್ಲಿ ಯಾರೂ ಚಾದರ ಎಳೆಯಬಾರದು, ಟವೆಲ್ ಮಡಚಬಾರದು, ಬಚ್ಚಲಿನ ಕನ್ನಡಿ ಒರೆಸಬಾರದು. ತಪ್ಪಿ ನಡೆದವರು ವಾಪಸು ಬರುವಾಗ ಮೂವರ ಚೀಲವನ್ನೂ ಹೊರಬೇಕು.

ಅಕ್ಕ ಇವರಲ್ಲಿ ಯಾರಿಗೂ ಒಡಹುಟ್ಟಿದ ಅಕ್ಕನಲ್ಲ. ಇಪ್ಪತ್ತೆರಡು ವರ್ಷದಿಂದ ಒಂದೇ ಹೋಟೆಲಿನ ಮೂರನೇ ಮಹಡಿಯ ಕೊಠಡಿಗಳನ್ನು ಅಚ್ಚುಕಟ್ಟು ಮಾಡುತ್ತ ಬಂದವಳನ್ನು ಮ್ಯಾನೇಜರಿನಿಂದ ಹಿಡಿದು ಲಿಫ್ಟಿನವನವರೆಗೆ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಜೊತೆಗೆ ಹೊರಟವರು ಅದೇ ಹೋಟೆಲಿನ ಇಬ್ಬರು ಗೆಳತಿಯರು. ಎರಡನೇ ಮಹಡಿಯವಳ ಬಾಯಿ ನಿಲ್ಲುವುದಿಲ್ಲವಾದ್ದರಿಂದ ಅವಳು ರೇಡಿಯೊ. ನೆಲಮಾಳಿಗೆಯ ಲಾಂಡ್ರಿಯವಳಿಗೆ ಮಾತು ಕಮ್ಮಿ, ಆದರೆ ಎಲ್ಲಾದರೂ ಸುಕ್ಕು ಕಂಡರೆ ಜೀವ ಹೋಗುತ್ತದೆ, ಅವಳು ಇಸ್ತ್ರಿ.

ರೇಡಿಯೊಗೆ ನದಿಯಲ್ಲಿ ದೋಣಿ ಹತ್ತಬೇಕಿತ್ತು. ಇಸ್ತ್ರಿಗೆ ಅರಮನೆ ನೋಡಬೇಕಿತ್ತು. ಅಕ್ಕನಿಗೆ ಬೇಕಾಗಿದ್ದುದು ಬೇರೆಯವರು ಹಾಸಿದ ಹಾಸಿಗೆಯಲ್ಲಿ ಒಂದು ರಾತ್ರಿಯ ನಿದ್ದೆ. ಕೇಳಿದವರು ನಗುತ್ತಿದ್ದರು, ಆದರೆ ಲೆಕ್ಕ ಹಾಕಿದರೆ ಅವಳಿಗೆ ಅಂಥದ್ದು ದಕ್ಕಿಯೇ ಇರಲಿಲ್ಲ. ತವರಿನಲ್ಲಿ ಅವಳೇ ಹಿರಿಯಳು, ತಮ್ಮ ತಂಗಿಯರ ಹಾಸಿಗೆ ಅವಳದೇ ಪಾಲು. ಅತ್ತೆ ಮನೆಯಲ್ಲಿ ಸೊಸೆ ಅವಳೊಬ್ಬಳೇ. ಹೆರಿಗೆಗೆಂದು ಆಸ್ಪತ್ರೆ ಸೇರಿದಾಗಲೂ ಮಂಚದಿಂದ ಇಳಿದು ಚಾದರದ ಮೂಲೆ ಸರಿಮಾಡಿ ನರ್ಸಿನಿಂದ ಬೈಸಿಕೊಂಡಿದ್ದಳು. ಹೋಟೆಲಿನಲ್ಲಂತೂ ಹಾಸುವುದು ಮಾತ್ರ ಅವಳ ಕೆಲಸ, ಮಲಗುವುದು ಬೇರೆಯವರದು.

ಗಂಡ ತಕರಾರು ಮಾಡಿರಲಿಲ್ಲ. ಮಲಗೋಕೆ ಅಂತ ರೈಲು ಹತ್ತಿ ಹೋಗುವವಳನ್ನು ಇದೇ ಮೊದಲು ನೋಡಿದ್ದು ಎಂದಷ್ಟೇ ಹೇಳಿ ಚೀಲದ ಜಿಪ್ ಎಳೆದುಕೊಟ್ಟಿದ್ದ. ಮಗಳು ಮಾತ್ರ ಬಾಗಿಲ ತನಕ ಬಂದು ಸವಾಲು ಹಾಕಿದ್ದಳು.

“ಅಮ್ಮ, ನಿನ್ನ ಕೈ ಸುಮ್ನಿರಲ್ಲ. ನಾಳೆ ಬೆಳಿಗ್ಗೆ ಎದ್ದ ತಕ್ಷಣ ಹಾಸಿಗೆ ಫೋಟೊ ತೆಗೆದು ಕಳಿಸು. ಕೆದರಿರ್ಬೇಕು. ಆಗ ನಂಬ್ತೀನಿ.”

ರೈಲು ಮಧ್ಯಾಹ್ನಕ್ಕೆ ಮೊದಲೇ ಆ ನಗರ ತಲುಪಿತು. ನಿಲ್ದಾಣದ ಹಿಂದಿನ ಬೀದಿಯಲ್ಲಿ, ಚಪ್ಪಲಿ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ನಾಲ್ಕು ಮಹಡಿಯ ಹೋಟೆಲು. ಕೊಠಡಿ ಮುನ್ನೂರ ಹನ್ನೆರಡು. ರಜೆಯಲ್ಲೂ ನನ್ನ ಹಣೆಗೆ ಮೂರನೇ ಮಹಡಿಯೇ ಎಂದು ಅಕ್ಕ ನಕ್ಕಳು. ಒಳಗೆ ಮೂರು ಮಂಚ, ಬಿಗಿಯಾಗಿ ಎಳೆದ ಬಿಳಿ ಚಾದರ, ಮೂಲೆಗಳು ಹಾಸಿಗೆಯಡಿ ಸರಿಯಾಗಿ ಸಿಕ್ಕಿದ್ದವು. ಯಾರೋ ಬಲ್ಲವಳ ಕೆಲಸ. ರೇಡಿಯೊ, ಇಸ್ತ್ರಿ ಇಬ್ಬರೂ ತಮ್ಮ ತಮ್ಮ ಮಂಚದ ಮೇಲೆ ಧೊಪ್ಪನೆ ಬಿದ್ದರು. ಅಕ್ಕ ಬೀಳಲಿಲ್ಲ. ಹಗಲಲ್ಲಿ ಮುಟ್ಟಿ ಹಳೆಯದು ಮಾಡಿಕೊಳ್ಳುವುದು ಅವಳಿಗೆ ಬೇಡವಾಗಿತ್ತು. ಕುರ್ಚಿಯಲ್ಲಿ ಕೂತು ತನ್ನ ಹಾಸಿಗೆಯನ್ನು ನೋಡಿದಳು, ಆಮೇಲೆ ಕಾಲು ತೊಳೆಯಲು ಹೋದಳು.

ಅವಳು ಬಚ್ಚಲಿನಿಂದ ಬರುವಷ್ಟರಲ್ಲಿ ಆ ಎರಡು ಮಂಚಗಳೂ ಮತ್ತೆ ಹೊಸದಾಗಿದ್ದವು. ಚೀಲಗಳು ಕಪಾಟಿನೊಳಗೆ ಸೇರಿದ್ದವು, ಪರದೆ ಅರ್ಧಕ್ಕೆ ಎಳೆದಿತ್ತು, ನೀರಿನ ಲೋಟಗಳು ಬೋರಲಾಗಿ ಸಾಲಾಗಿ ಕೂತಿದ್ದವು. ಇಸ್ತ್ರಿ ಗೋಡೆ ನೋಡುತ್ತ ನಿಂತಿದ್ದಳು.

“ನಾನಲ್ಲ ಅಕ್ಕ, ಕೈ,” ಎಂದಳು.

ರೇಡಿಯೊ ತನ್ನ ಕರವಸ್ತ್ರವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಳು. ಲೋಟ ಒರೆಸಿದ್ದು ಅದರಲ್ಲೇ. ಚೀಲ ಹೊರುವ ಶಿಕ್ಷೆ ಇಬ್ಬರಿಗೂ ಸಮನಾಗಿ ಹಂಚಿದೆ ಎಂದು ಅಕ್ಕ ತೀರ್ಪು ಕೊಟ್ಟಳು. ಸ್ವಂತ ಊರಿನಲ್ಲಿ ಸಂಬಳಕ್ಕೆ ಮಾಡೋದನ್ನ ಇಲ್ಲಿ ಬಿಟ್ಟಿಗೆ ಮಾಡ್ತೀರಲ್ಲ ಎಂದು ಮೆಟ್ಟಿಲಿಳಿಯುವಾಗಲೂ ಬೈಯುತ್ತಲೇ ಇದ್ದಳು. ಕೆಳಗೆ ಕೌಂಟರಿನ ಗುಮಾಸ್ತ ತಲೆ ತಗ್ಗಿಸಿ ಫೋನಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದ. ಅಕ್ಕ ನಡಿಗೆ ನಿಲ್ಲಿಸದೆ ಕೀಲಿಯನ್ನು ಅವನ ಮುಂದಿಟ್ಟು, “ಮುನ್ನೂರ ಹನ್ನೆರಡು ರೆಡಿ,” ಎಂದು, ಹಿಂದೆ ಉಳಿದ ರೇಡಿಯೊಗೆ ಬೇಗ ಬರಲು ಕೈಮಾಡಿ ಬೀದಿಗಿಳಿದಳು. ಗುಮಾಸ್ತ ತಲೆ ಎತ್ತದೆ ಹೂಂಗುಟ್ಟಿದ.

ಮಧ್ಯಾಹ್ನವೆಲ್ಲ ಚೆನ್ನಾಗಿಯೇ ಕಳೆಯಿತು. ಅರಮನೆಯಲ್ಲಿ ಹಗ್ಗ ಕಟ್ಟಿದ ಆಚೆ ರಾಜನ ಮಂಚವಿತ್ತು, ಮೆಟ್ಟಿಲು ಹಾಕಿ ಹತ್ತುವಷ್ಟು ಎತ್ತರದ್ದು. ಉಳಿದ ಪ್ರವಾಸಿಗರು ಕೆತ್ತನೆ ನೋಡುತ್ತಿದ್ದರೆ ಈ ಮೂವರು ಚಾದರದ ಅಳತೆ ಅಂದಾಜು ಮಾಡುತ್ತಿದ್ದರು. ಇಬ್ಬರಿಲ್ಲದೆ ಇದನ್ನು ಹಾಸಲಾಗದು ಎಂದು ರೇಡಿಯೊ ಹೇಳಿದಳು. ಮುಂದಿನ ಮೂಲೆ ಸಡಿಲವಿದೆ, ರಾಜನ ಕಾಲದಲ್ಲಾಗಿದ್ದರೆ ತಲೆ ಹೋಗುತ್ತಿತ್ತು ಎಂದಳು ಇಸ್ತ್ರಿ. ಕಾವಲಿನವನು ತಿರುಗಿ ನೋಡುವಷ್ಟು ಮೂವರೂ ನಕ್ಕರು. ಆಮೇಲೆ ದೋಣಿ ಹತ್ತಿದರು. ಆಸೆಪಟ್ಟು ಹತ್ತಿದ ರೇಡಿಯೊಗೇ ನೀರಿನ ನಡುವೆ ಬಾಯಿಗೆ ಬೀಗ ಬಿತ್ತು. ದಡ ಸಿಕ್ಕ ಮೇಲೇ ಅದು ತೆರೆದದ್ದು. ಬೀದಿ ದೀಪ ಹತ್ತುವ ಮೊದಲೇ ಹೋಟೆಲಿಗೆ ಹಿಂದಿರುಗೋಣ ಎಂದು ಅವಸರ ಮಾಡಿದವಳು ಅಕ್ಕ. ಕಾಲು ಸೋತಿದ್ದವು, ಹಾಸಿಗೆ ಕಾಯುತ್ತಿತ್ತು.

ಕೌಂಟರಿನಲ್ಲಿ ಈಗ ಬೇರೊಬ್ಬರಿದ್ದರು. ಕನ್ನಡಕವನ್ನು ಹಣೆಗೇರಿಸಿಕೊಂಡ, ಕೋಟು ತೊಟ್ಟ, ನಡುವಯಸ್ಸಿನ ಮೇಲ್ವಿಚಾರಕರು. ಅಕ್ಕ ಕೀಲಿ ಕೇಳಿದಾಗ ಕನ್ನಡಕ ಕಣ್ಣಿಗಿಳಿಸಿಕೊಂಡು ಕಂಪ್ಯೂಟರು ನೋಡಿದರು, ಅವಳನ್ನು ನೋಡಿದರು, ಮತ್ತೆ ಕಂಪ್ಯೂಟರು ನೋಡಿದರು. ಮುನ್ನೂರ ಹನ್ನೆರಡರಲ್ಲಿ ಎಳೆಗೂಸಿನ ಸಂಸಾರವೊಂದು ಇಳಿದು ಆಗಲೇ ಮಗುವನ್ನು ಮಲಗಿಸಿತ್ತು. ಕೌಂಟರಿನೆದುರಿನ ಸೋಫಾದ ಪಕ್ಕದಲ್ಲಿ, ಕಪಾಟಿನಿಂದ ತಂದಿಟ್ಟ ಇವರ ಮೂರು ಚೀಲಗಳು ದಿಕ್ಕಿಲ್ಲದವರ ಹಾಗೆ ನಿಂತಿದ್ದವು.

ಮೇಲ್ವಿಚಾರಕರು ಕ್ಷಮೆ ಕೇಳಿದರು. ಕೇಳುತ್ತಲೇ ತಪ್ಪು ಯಾರದೆಂದೂ ಹೇಳಿದರು. ಮೂರನೇ ಮಹಡಿಯ ಕೆಲಸದಾಕೆ ಸರಿಯಾಗಿ ನೋಡದೆ ಕೊಠಡಿ ಖಾಲಿ, ಸಿದ್ಧ ಎಂದು ವರದಿ ಮಾಡಿದ್ದಾಳೆ, ಅವಳನ್ನು ವಿಚಾರಿಸುತ್ತೇನೆ ಎಂದರು. ಸಮವಸ್ತ್ರ ಕಳಚಿ, ಹೆಗಲಿಗೆ ಚೀಲ ಹಾಕಿಕೊಂಡು ಹಿಂಬಾಗಿಲಿನಿಂದ ಹೊರಟಿದ್ದವಳನ್ನು ವಾಪಸು ಕರೆಸಿದರು. ಅಕ್ಕನಷ್ಟೇ ವಯಸ್ಸು, ಅಕ್ಕನ ಹಾಗೆಯೇ ಬ್ಲೀಚಿಗೆ ಬಿಳಿಚಿದ ಬೆರಳ ತುದಿ.

“ನಾನು ಹೇಳಿಲ್ಲ ಸರ್,” ಎಂದಳು ಆಕೆ. “ಮಧ್ಯಾಹ್ನ ಬಾಗಿಲು ತೆಗೆದು ನೋಡ್ದೆ. ರೂಮು ಆಗಿತ್ತು. ದಿಂಬಿನ ಚೀಲದ ಬಾಯಿ ಕೂಡ ನಾವು ಇಡೋ ಹಾಗೇ, ಬಾಗಿಲ ಕಡೆ ತಿರುಗಿರ್ಲಿಲ್ಲ. ನಾನೇ ಮಾಡಿ ಮರೆತ್ನೇನೋ ಅಂದ್ಕೊಂಡು ಸುಮ್ನಾದೆ.”

ಮೇಲ್ವಿಚಾರಕರು ಬಿಡಲಿಲ್ಲ. ಮೂರನೇ ಮಹಡಿಯ ಹೆಂಗಸು ಬಂದು ಕೀಲಿ ಇಟ್ಟು, ರೆಡಿ ಅಂತ ಬಾಯಿಬಿಟ್ಟು ಹೇಳಿ ಹೋದಳೆಂದು ಹಗಲಿನ ಗುಮಾಸ್ತ ತಿಳಿಸಿ ಹೋಗಿದ್ದ. ಆ ಮಹಡಿಗೆ ಇರುವವಳು ಇವಳೊಬ್ಬಳೇ ಅಲ್ಲವೆ?

ಅಕ್ಕ ಕೆಲಸ ಮಾಡುವ ಹೋಟೆಲಿನಲ್ಲಿ ಅದೇ ಪದ್ಧತಿ: ಕೊಠಡಿ ಮುಗಿದರೆ ಕೀಲಿಯನ್ನು ಕೌಂಟರಿಗೆ ತಂದಿಟ್ಟು, ನಂಬರು ಹೇಳಿ, ರೆಡಿ ಅನ್ನಬೇಕು. ದಿನಕ್ಕೆ ಹತ್ತಾರು ಸಲ ಹೇಳುವ ಆ ಮಾತು ತನ್ನ ಬಾಯಿಂದ ಬಂದದ್ದು ಅವಳಿಗೆ ಈಗ ಕೇಳಿಸಿತು. ಇಸ್ತ್ರಿಯ ಕೈಯನ್ನು ಮೂರು ಮಹಡಿ ಇಳಿಯುವ ತನಕ ಬೈದವಳು ತನ್ನ ನಾಲಿಗೆಯನ್ನು ಕಾಯ್ದುಕೊಂಡಿರಲಿಲ್ಲ.

“ಹೇಳಿದ್ದು ನಾನು ಸರ್,” ಎಂದಳು ಅಕ್ಕ. “ಇವರನ್ನ ಏನೂ ಅನ್ಬೇಡಿ. ಕೀಲಿ ಇಟ್ಟು ರೆಡಿ ಅಂದಿದ್ದು ನಾನೇ. ನಾವೂ ಇದೇ ಕೆಲಸದವರು. ಅಭ್ಯಾಸಬಲ.”

ಮೇಲ್ವಿಚಾರಕರು ಕನ್ನಡಕವನ್ನು ಮತ್ತೆ ಹಣೆಗೇರಿಸಿದರು.

“ಹಾಗಾದ್ರೆ ಚೀಲ ಯಾರು ಹೊರ್ಬೇಕು?” ಎಂದು ಇಸ್ತ್ರಿ ಮೆಲ್ಲಗೆ ಕೇಳಿದಳು.

ಮೇಲ್ವಿಚಾರಕರ ಮುಖ ಸಡಿಲವಾಯಿತು. ತಮ್ಮ ಕಡೆಯದು ತಪ್ಪಲ್ಲವೆಂದ ಮೇಲೆ ದಾರಿ ಸಲೀಸಾಯಿತು ಅವರಿಗೆ. ಹೋಟೆಲು ತುಂಬಿದೆ, ಮುನ್ನೂರ ಐದು ಒಂದೇ ಉಳಿದಿದೆ, ಅದರಲ್ಲಿದ್ದವರು ಸಂಜೆ ಹೊರಟರು, ಇನ್ನೂ ಗುಡಿಸಿಲ್ಲ. ಇವಳು ಹೇಗೂ ಇದ್ದಾಳೆ, ಮಾಡಿಕೊಡುತ್ತಾಳೆ ಎಂದರು. ಆಕೆ ಮರುಮಾತಾಡದೆ ಚೀಲವನ್ನು ಹೆಗಲಿಂದ ಇಳಿಸಿದಳು. ಇಳಿಸುವಾಗ ಒಂದೇ ಒಂದು ಸಲ ಗೋಡೆಯ ಗಡಿಯಾರ ನೋಡಿದಳು. ಆ ನೋಟ ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಬಸ್ಸು, ಮನೆಯಲ್ಲಿ ಕಾಯುವವರು, ಒಲೆಯ ಮೇಲೆ ಇನ್ನೂ ಏರದ ಪಾತ್ರೆ, ಎಲ್ಲ ಅದರಲ್ಲಿತ್ತು.

ಇಸ್ತ್ರಿ ಆಗಲೇ ತೋಳೇರಿಸಿದ್ದಳು. ಆಯಮ್ಮ ಹೋಗಲಿ, ಮೂವರಿದ್ದೇವೆ, ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ ಎಂದಳು. ರೇಡಿಯೊ ಬಕೆಟ್ಟು ಎಲ್ಲಿದೆ ಎಂದು ವಿಚಾರಿಸತೊಡಗಿದಳು. ಎಲ್ಲರೂ ಅಕ್ಕನ ಮುಖ ನೋಡಿದರು.

ನ್ಯಾಯವಾಗಿ ನೋಡಿದರೆ ಅದೇ ಸರಿ. ತಪ್ಪು ತನ್ನದು, ಕೆಲಸ ಗೊತ್ತಿದ್ದದ್ದು, ದಣಿದ ಹೆಂಗಸಿಗೆ ಉಪಕಾರ. ಆದರೆ ತವರಿನಲ್ಲೂ ಅತ್ತೆಮನೆಯಲ್ಲೂ ಪ್ರತಿ ಸಲ ಕಾರಣ ನ್ಯಾಯವಾಗಿಯೇ ಇರುತ್ತಿತ್ತು ಎಂಬುದು ಅಕ್ಕನಿಗೆ ನೆನಪಾಯಿತು. ಅನ್ಯಾಯವಾಗಿ ಯಾರೂ ಅವಳಿಂದ ಒಂದು ಹಾಸಿಗೆಯನ್ನೂ ಹಾಸಿಸಿರಲಿಲ್ಲ.

ಅವಳು ಮೊದಲು ಆ ಹೆಂಗಸಿನ ಚೀಲವನ್ನು ಎತ್ತಿ ಅವಳ ಕೈಗೆ ಕೊಟ್ಟಳು. “ನೀವು ಹೊರಡಿ ತಾಯಿ, ಬಸ್ಸು ತಪ್ಪುತ್ತೆ.” ಆಮೇಲೆ ಕೌಂಟರಿನ ಕಡೆ ತಿರುಗಿದಳು. “ಸರ್, ನಾನು ರೆಡಿ ಅಂದಿದ್ದು ತಪ್ಪು. ಯಾರು ಅಂದ್ರು ಅಂತ ತಲೆ ಎತ್ತಿ ನೋಡದೆ ರೂಮು ಕೊಟ್ಟಿದ್ದು ನಿಮ್ಮ ಕೌಂಟರಿನ ತಪ್ಪು. ಇವರು ಮಾಡಲ್ಲ. ನನ್ನ ಗೆಳತೀರು ಮಾಡಲ್ಲ. ನಾನಂತೂ ಮಾಡಲ್ಲ.”

“ಮತ್ತೆ ಯಾರು ಮಾಡ್ಬೇಕು ಮೇಡಂ?”

ಅಕ್ಕ ಅವರನ್ನೇ ನೋಡಿದಳು. ಅವರು ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದರು. ಯಾರೂ ಇರಲಿಲ್ಲ.

ಅವಳು ಹೋಗಿ ಸೋಫಾದಲ್ಲಿ ಕೂತಳು. ಮೇಲ್ವಿಚಾರಕರು ಬೇರೆ ಹೋಟೆಲು ಹುಡುಕಿಕೊಡುತ್ತೇನೆಂದರು, ನಾಳೆಯ ತಿಂಡಿ ಬಿಟ್ಟಿ ಎಂದರು, ಕೌಂಟರು ಬಿಟ್ಟು ಹೋಗುವ ಹಾಗಿಲ್ಲ ಎಂದರು. ಅಕ್ಕ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಜಗಳವೂ ಆಡಲಿಲ್ಲ. ಕಾಯುವುದು ಅವಳಿಗೆ ಹೊಸದಲ್ಲ. ಅತಿಥಿ ಸ್ನಾನ ಮುಗಿಸಿ ಹೊರಬರಲಿ ಎಂದು ಓಣಿಯಲ್ಲಿ ನಿಂತೇ ಅವಳ ಅರ್ಧ ಆಯುಸ್ಸು ಹೋಗಿತ್ತು. ಇಲ್ಲಿ ಕೂರಲು ಸೋಫಾವಾದರೂ ಇತ್ತು. ಕೊನೆಗೆ ಅವರು ಹೋಟೆಲಿನ ಬಾಗಿಲು ಕಾಯುವವನನ್ನು ಕೌಂಟರಿನಲ್ಲಿ ನಿಲ್ಲಿಸಿದರು. ಹೊರಟು ಬಾಗಿಲಲ್ಲೇ ನಿಂತುಬಿಟ್ಟಿದ್ದ ಹೆಂಗಸು ಒಗೆದ ಚಾದರಗಳನ್ನು ತಂದು ಅವರ ಎರಡೂ ತೋಳಿನ ಮೇಲೆ ಇಟ್ಟಳು. ಇಟ್ಟು ಅಕ್ಕನನ್ನು ನೋಡಿ, ತುಟಿ ಕಚ್ಚಿ ನಗು ತಡೆದುಕೊಂಡು, ಬಸ್ಸಿಗೆ ಓಡಿದಳು.

ಮುನ್ನೂರ ಐದರಲ್ಲಿ ಅಕ್ಕ ಕುರ್ಚಿ ಎಳೆದುಕೊಂಡು, ಅಂಗೈಗಳನ್ನು ತೊಡೆಯಡಿ ಒತ್ತಿ ಕೂತಳು. ಮೇಲ್ವಿಚಾರಕರು ಕೋಟು ಕಳಚಿ ಮೊಳೆಗೆ ಹಾಕಿದರು. ಮೊದಲ ಚಾದರವನ್ನು ಅಡ್ಡಕ್ಕೆ ಹಾಸಿದರು. ಕಾಲಿನ ಕಡೆ ಸಾಲಲಿಲ್ಲ. ತೆಗೆದು ಉದ್ದಕ್ಕೆ ಹಾಸಿದರು. ದಿಂಬಿನ ಚೀಲದೊಳಗೆ ದಿಂಬಿನ ಜೊತೆ ತಮ್ಮ ಮೊಣಕೈಯನ್ನೂ ತುರುಕಿದರು. ರೇಡಿಯೊ ಮೂರು ಸಲ ಬಾಯಿ ತೆರೆದಳು, ಮೂರು ಸಲವೂ ಅಕ್ಕ ಕಣ್ಣಲ್ಲೇ ಮುಚ್ಚಿಸಿದಳು. ಇಸ್ತ್ರಿಗೆ ನೋಡಲಾಗಲಿಲ್ಲ. ಕಿಟಕಿಗೆ ಮುಖ ಮಾಡಿ ಬೀದಿಯ ಚಪ್ಪಲಿ ಅಂಗಡಿಯ ಬೋರ್ಡನ್ನು ಓದುತ್ತ ನಿಂತಳು. ಅಕ್ಕನ ಬೆರಳುಗಳು ತೊಡೆಯಡಿ ಮಿಸುಕಾಡುತ್ತಿದ್ದವು. ಒಂದು ಮಾತು ಹೇಳಿಕೊಟ್ಟಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಹೇಳಿಕೊಟ್ಟರೆ ಅದು ಅರ್ಧ ತಾನೇ ಹಾಸಿದಂತೆ ಎಂದು ಅವಳು ಹಲ್ಲು ಕಚ್ಚಿ ಕೂತಳು.

ಮೂರನೆಯ ಮಂಚ ಮುಗಿಯುವಾಗ ಅವರ ಹಣೆ ಬೆವೆತಿತ್ತು. ಹೊದಿಕೆ ಒಂದು ಕಡೆ ನೆಲ ಮುಟ್ಟುತ್ತಿತ್ತು, ಇನ್ನೊಂದು ಕಡೆ ಹಾಸಿಗೆಯ ಅಂಚಿನಲ್ಲೇ ನಿಂತಿತ್ತು.

“ಸರಿ ಇದೆಯಾ ಮೇಡಂ?” ಈ ಸಲ ಅವರು ನಿಜವಾಗಿ ಕೇಳಿದರು.

ತನ್ನ ಮಹಡಿಯಲ್ಲಾಗಿದ್ದರೆ ಕಿತ್ತು ಮತ್ತೆ ಹಾಸಿಸುತ್ತಿದ್ದಳು. “ತುಂಬ ಚೆನ್ನಾಗಿದೆ ಸರ್,” ಎಂದಳು ಅಕ್ಕ. ಅದು ಸುಳ್ಳಾಗಿರಲಿಲ್ಲ.

ಅವರು ಕೋಟು ತೊಡುತ್ತ, ಇದನ್ನು ಹೇಳಿದರೆ ಮನೆಯಲ್ಲಿ ಹೆಂಡತಿ ನಂಬುವುದಿಲ್ಲ ಎಂದರು. ಫೋಟೊ ತೆಗೆದುಕೊಂಡು ಹೋಗಿ, ನಮ್ಮನೇಲೂ ನಂಬಲ್ಲ ಎಂದಳು ಅಕ್ಕ. ಅವರು ನಿಜಕ್ಕೂ ಫೋನು ತೆಗೆದರು.

ಆ ರಾತ್ರಿ ಮಗ್ಗುಲು ಬದಲಿಸಿದ ಕೂಡಲೇ ಕಾಲಿನ ಕಡೆಯ ಚಾದರ ಕಿತ್ತು ಬಂತು. ಸುಕ್ಕು ಬೆನ್ನಿಗೆ ಒತ್ತುತ್ತಿತ್ತು. ಅಕ್ಕ ಅದನ್ನು ಒತ್ತಲು ಬಿಟ್ಟು, ಮೇಲೆ ಹೊದಿಕೆ ಎಳೆದುಕೊಂಡು, ಬಿಸಿಲು ಮುಖಕ್ಕೆ ಬೀಳುವ ತನಕ ನಿದ್ದೆ ಮಾಡಿದಳು. ಎದ್ದು ತೆಗೆದ ಫೋಟೊಗೆ ಮಗಳಿಂದ ಕೂಡಲೇ ಉತ್ತರ ಬಂತು: ಇದನ್ನ ನೀನು ಹಾಸಿಲ್ಲ ಅಂತ ಯಾರ್ ಬೇಕಾದ್ರೂ ಹೇಳ್ತಾರೆ, ನಾನು ಸೋತೆ.

ಹೊರಡುವಾಗ ಇಸ್ತ್ರಿ ಒಂದು ಮೂಲೆಯನ್ನಾದರೂ ಎಳೆಯುತ್ತೇನೆಂದು ಗೋಗರೆದಳು. ಮಾಡಿಟ್ಟರೆ ಆಯಮ್ಮ ಅದನ್ನು ಬಿಚ್ಚಿ ಮತ್ತೆ ಮಾಡಬೇಕು, ಉಪಕಾರವಲ್ಲ ಎರಡು ಕೆಲಸ, ನಿನಗೇ ಗೊತ್ತಿರೋದೇ ಅಲ್ವಾ ಎಂದು ಅಕ್ಕ ಅವಳನ್ನು ಬಾಗಿಲಾಚೆ ತಳ್ಳಿದಳು. ಮೂರು ಚೀಲಗಳನ್ನೂ ತಾನೇ ಹೆಗಲಿಗೇರಿಸಿದಳು. ರೆಡಿ ಅಂದು ಷರತ್ತು ಹಾಕಿದವಳೇ ಸೋತಿದ್ದಳು, ಹೊರಲೇಬೇಕು. ಖಾಲಿ ಕೈ ಬೀಸುತ್ತ ರೇಡಿಯೊ ಮುಂದೆ ನಡೆದಳು.

ಕೌಂಟರಿನಲ್ಲಿ ಹಗಲಿನ ಗುಮಾಸ್ತ ಫೋನಿನಲ್ಲಿದ್ದ. ಅಕ್ಕ ಅವನು ಮಾತು ಮುಗಿಸುವ ತನಕ ನಿಂತಳು. ಅವನು ತಲೆ ಎತ್ತಿ ತನ್ನ ಮುಖ ನೋಡಿದ ಮೇಲೆ ಕೀಲಿಯನ್ನು ಅವನ ಮುಂದಿಟ್ಟಳು.

“ಮುನ್ನೂರ ಐದು,” ಎಂದಳು. “ರೆಡಿ ಆಗಿಲ್ಲ.”