ಹಳಿಗೆ ಹಚ್ಚಿದ ಗಂಧ

ನಮ್ಮ ಮುಖ್ಯಸ್ಥರಾದ ಶಂಕರನಾರಾಯಣರು ದೆಹಲಿಗೆ ಕಳಿಸಿದ ವರದಿಯನ್ನು ಟೈಪ್ ಮಾಡಿದವಳು ನಾನೇ. ಅದರಲ್ಲಿ ನನ್ನ ಹೆಸರು ಎಲ್ಲೂ ಇರಲಿಲ್ಲ.

ಅಹಮದಾಬಾದಿನ ನಮ್ಮ ಪ್ರಯೋಗಾಲಯದಲ್ಲಿ, ಮದ್ದಿಲ್ಲದೆ ಬರೀ ವಿದ್ಯುತ್ತಿನಿಂದ ಗುಂಡು ಹಾರಿಸುವ ಕೆಲಸ ನಡೆದಿತ್ತು. ಪಾಕಿಸ್ತಾನದ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಇಂಥದ್ದನ್ನು ಕೇಳುವವರು ದೆಹಲಿಯಲ್ಲಿದ್ದರು. ಎರಡು ತಾಮ್ರದ ಹಳಿ, ನಡುವೆ ಎರಡನ್ನೂ ತಾಗಿ ನಿಂತ ಅಲ್ಯೂಮಿನಿಯಂ ಗುಂಡು. ಕೆಪಾಸಿಟರುಗಳಲ್ಲಿ ತುಂಬಿಟ್ಟ ವಿದ್ಯುತ್ತನ್ನು ಒಮ್ಮೆಗೇ ಬಿಟ್ಟರೆ ಅದು ಗುಂಡಿನ ಮೂಲಕ ಹರಿದು ಅದನ್ನು ಮುಂದಕ್ಕೆ ತಳ್ಳಬೇಕು. ಪುಸ್ತಕದಲ್ಲಿ ಸುಲಭ. ನಮ್ಮಲ್ಲಿ ಹಳಿಗಳು ಒಂದನ್ನೊಂದು ದೂರ ತಳ್ಳಿ ಬೋಲ್ಟು ಕಿತ್ತುಬರುತ್ತಿದ್ದವು. ಗುಂಡು ನಿಂತಲ್ಲೇ ಕರಗಿ ಹಳಿಗೆ ಬೆಸೆದುಕೊಳ್ಳುತ್ತಿತ್ತು.

ಊರಂಚಿನ ವಟ್ವಾದ ವರ್ಕ್‌ಶಾಪಿನಲ್ಲಿ ನಿಂತು ಉಕ್ಕಿನ ಪಟ್ಟಿ ಮಾಡಿಸಿ ಹಳಿಗಳನ್ನು ಬಿಗಿಸಿದ್ದು ನಾನು. ಗುಂಡನ್ನು ಮೊದಲು ಗಾಳಿಯ ಒತ್ತಡದಿಂದ ಓಡಿಸಿ, ಓಡುತ್ತಿರುವಾಗಲೇ ವಿದ್ಯುತ್ತು ಬಿಡಬೇಕೆಂದು ಲೆಕ್ಕ ಹಾಕಿದ್ದೂ ನಾನು. ಹಳಿಯ ಒಳಮೈಯಲ್ಲಿ ಬೆರಳಿನ ಜಿಡ್ಡು ಉಳಿದರೂ ಕಿಡಿಯೆದ್ದು ಗುಂಡು ಕಚ್ಚಿಕೊಳ್ಳುತ್ತದೆಂದು ಕಂಡುಕೊಂಡು, ಪ್ರತಿ ಸಲ ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದವಳೂ ನಾನೇ.

ಧೈರ್ಯ ಮಾಡಿ ಹೆಸರಿನ ವಿಷಯ ಕೇಳಿದೆ. ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಧಾರವಾಡದ ಸದಾಶಿವ ಪಕ್ಕದ ಮೇಜಿನಲ್ಲೇ ಇದ್ದರು.

“ಒರೆಸೋ ಬಟ್ಟೆ ಹೆಸರನ್ನೂ ಹಾಕೋಕಾಗುತ್ತೇನಮ್ಮಾ?” ಎಂದರು ಶಂಕರನಾರಾಯಣರು. “ನಾಳೆ ಮದುವೆ ಆಗಿ ಹೋಗ್ತೀಯ. ನಿನಗ್ಯಾಕೆ ಇದೆಲ್ಲ?”

ಸದಾಶಿವ ತಲೆ ಬಗ್ಗಿಸಿಕೊಂಡು ನಕ್ಕರು. ‘ಹಳಿಗಳ ಸಿದ್ಧತೆಯೂ ಸೇರಿ ಎಲ್ಲವನ್ನೂ ನಾನೊಬ್ಬನೇ ಮಾಡಿದೆ’ ಎಂಬ ಶಂಕರನಾರಾಯಣರ ವಾಕ್ಯವನ್ನು ಒಂದು ತಪ್ಪೂ ಇಲ್ಲದೆ ಟೈಪ್ ಮಾಡಿದೆ.

ಆಯುಧಪೂಜೆಗೆ ಅವರ ಹೆಂಡತಿ ರಮಾಮಣಿಯವರು ಮೈಸೂರಿನ ಕ್ರಮದಂತೆ ತಟ್ಟೆ ಜೋಡಿಸಿ ತಂದರು. ಆಯುಧವೆಂದರೆ ನಿಜವಾದ ಆಯುಧವೇ ಇದು ಎಂದು ಶಂಕರನಾರಾಯಣರಿಗೆ ಭಾರಿ ಉಮೇದು. ಹಳಿಯ ಉದ್ದಕ್ಕೂ, ಒಳಮೈಗೂ ಬೆರಳು ತೂರಿಸಿ, ಅರಿಸಿನ ಬೆರೆಸಿದ ಗಂಧ ಹಚ್ಚಿದರು.

ಹಬ್ಬ ಮುಗಿದು ದೆಹಲಿಯವರು ಬರುವ ಬೆಳಿಗ್ಗೆ ಸ್ಪಿರಿಟ್ ಬಾಟಲಿ ಹಿಡಿದು ಹೋದೆ. ಶಂಕರನಾರಾಯಣರು ಬಾಗಿಲಿಗೇ ಅಡ್ಡ ನಿಂತರು.

“ದೊಡ್ಡೋರು ಬರ್ತಿದಾರೆ, ನೀನು ಇದರ ಹತ್ರ ಸುಳೀಬೇಡ. ಹಳಿ ನಾನೇ ಒರೆಸಿದೀನಿ. ಹೋಗಿ ಚಹಾ ನೋಡ್ಕೋ.”

ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಹೊರಮೈ ಫಳಫಳ ಹೊಳೆಯುತ್ತಿತ್ತು. ಅವರ ಭುಜದಾಚೆ ನನಗೆ ಒಳಮೈ ಕಂಡಿತು: ಒಣಗಿದ ಹಳದಿ ಪಟ್ಟೆ, ಈ ತುದಿಯಿಂದ ಆ ತುದಿಯವರೆಗೆ. ಚೆನ್ನಾಗಿ ನೋಡಿದೆ. ಬಾಟಲಿಯನ್ನು ಕಪಾಟಿನಲ್ಲಿಟ್ಟು ಶುಂಠಿ ಜಜ್ಜಲು ಹೋದೆ.

ಗುಂಡು ಗೇಣುದ್ದ ಓಡಿತು. ಹಸಿರು ಬೆಂಕಿ, ಕಿವಿಗಡಚಿಕ್ಕುವ ಸದ್ದು. ಹೊಗೆ ಚದುರಿದಾಗ ಗುಂಡು ಹಳಿಯ ಮೈಯಲ್ಲಿ ಹೂತುಹೋಗಿತ್ತು. ಬಂದಿದ್ದ ಹಿರಿಯ ಅಧಿಕಾರಿ, ಹಳಿ ಸಿದ್ಧಮಾಡಿದವರು ಯಾರೆಂದು ಇಂಗ್ಲಿಷಿನಲ್ಲಿ ಕೇಳಿದರು. ಶಂಕರನಾರಾಯಣರು ನನ್ನತ್ತ ಕೈ ತೋರಿಸಿ, ಒರೆಸುವುದನ್ನು ಈ ಹುಡುಗಿ ಮರೆತಿದ್ದಾಳೆ ಎಂದರು. ಅಧಿಕಾರಿ ವರದಿಯ ಹಾಳೆಗಳನ್ನು ತಿರುವಿ, ಇದರಲ್ಲಿ ಇವರ ಹೆಸರೇ ಇಲ್ಲವಲ್ಲ ಎಂದು ನನ್ನನ್ನೇ ವಿಚಾರಿಸಿದರು.

“ಇವತ್ತು ಚಹಾ ಮಾಡಿದವಳು ನಾನು, ಸರ್,” ಎಂದೆ. ನನ್ನ ದನಿ ಎಂದಿನಂತೆ ಸಣ್ಣಗಿತ್ತು. ಎಲ್ಲರಿಗೂ ಕೇಳಿಸಿತು.

ಊಟಕ್ಕೂ ನಿಲ್ಲದೆ ದೆಹಲಿಯವರು ಹೊರಟರು. ಯೋಜನೆ ಅಲ್ಲಿಗೇ ನಿಂತಿತು. ನನ್ನ ಲೆಕ್ಕಗಳೂ ಅದರೊಡನೆ ಸತ್ತವು. ಸಾಯಲಿ.

ಗೇಟಿನ ಬಳಿ ಸದಾಶಿವ ಹಿಂದಿನಿಂದ ಬಂದರು. “ಒಂದ್ ಮಾತ್ ಹೇಳಬಹುದಿತ್ತಲ್ರೀ, ಊರ್ಮಿಳಾ. ಪಾಪ, ಅವರು ಒಳಗ ಒಬ್ಬರ ಕೂತಾರ.”

“ಕೂತಿರಲಿ,” ಎಂದೆ.

ಸಂಜೆಯ ಗಾಡಿಯಲ್ಲಿ ಬರೋಡಾಕ್ಕೆ, ರೈಲ್ವೆ ಕ್ವಾರ್ಟರ್ಸಿನ ಅಪ್ಪನ ಮನೆಗೆ ಹೋದೆ. ಅಮ್ಮ ಸಾರು ಮಾಡಿದ್ದಳು. ಎರಡು ಸಲ ಬಡಿಸಿಕೊಂಡು ಉಂಡೆ.