ಬಾಣಂತಿಯ ಡಬ್ಬಿ

ನಮ್ಮ ಯಜಮಾನರ ರಕ್ತದಲ್ಲಿ ಸಕ್ಕರೆ ಏರಿದೆ ಎಂದು ಡಾಕ್ಟರಮ್ಮ ಹೇಳಿದಾಗ ನನಗೆ ಯಾರೋ ಕಪಾಳಕ್ಕೆ ಹೊಡೆದ ಹಾಗಾಯಿತು. ಅವರ ಬಾಯಿಗೆ ಏನು ಹೋಗಬೇಕು, ಏನು ಹೋಗಬಾರದು ಎಂಬುದೆಲ್ಲ ನನ್ನ ಉಸ್ತುವಾರಿ. ಸಕ್ಕರೆ ಡಬ್ಬ ನನ್ನ ಬೀರುವಿನಲ್ಲಿ, ಬೀಗದ ಕೈ ನನ್ನ ಸೊಂಟದಲ್ಲಿ. ವರ್ಷಗಟ್ಟಲೆ ಬಸ್ ಕಂಡಕ್ಟರ್ ಆಗಿದ್ದವಳು ನಾನು. ಟಿಕೆಟ್ ಇಲ್ಲದೆ ಕೂತವನನ್ನು ಬೆನ್ನು ನೋಡಿಯೇ ಹಿಡಿಯುತ್ತಿದ್ದೆ. ಅಂಥವಳ ಮನೆಯಲ್ಲಿ ಕಳ್ಳತನವೇ?

"ಇನ್ಯಾರದ್ದೋ ರಿಪೋರ್ಟ್ ಇರ್ಬೇಕು, ಸರಿಯಾಗಿ ನೋಡಿ ಡಾಕ್ಟ್ರೇ," ಎಂದೆ.

"ಎರಡು ಸಲ ಮಾಡ್ಸಿದೀವಮ್ಮ. ಸಿಹಿ ಏನಾದ್ರೂ ತಿಂತಿದಾರಾ?"

"ಒಂದು ಹರಳು ಸಕ್ಕರೆ ಮುಟ್ಟಿಲ್ಲ. ನನ್ನಾಣೆ!"

"ಹಾಗಾದ್ರೆ ಈಗಿನ ಮಾತ್ರೆ ಸಾಲ್ತಿಲ್ಲ. ಡೋಸ್ ಜಾಸ್ತಿ ಮಾಡ್ತೀನಿ." ಅವರು ಪೆನ್ನು ತೆಗೆದರು.

ಯಜಮಾನರು ತಿರುಗುವ ಫ್ಯಾನು ನೋಡುತ್ತಾ ಕೂತರು. ಮಗುವಿಗೆ ಚುಚ್ಚುಮದ್ದು ಹಾಕಿಸಲು ಜೊತೆಗೆ ಬಂದಿದ್ದ ಸೊಸೆ ಅವರನ್ನೊಮ್ಮೆ, ಪೆನ್ನನ್ನೊಮ್ಮೆ ನೋಡಿದಳು.

ಈ ಸೊಸೆಯ ವಿಷಯ ಸ್ವಲ್ಪ ಹೇಳಬೇಕು. ಮೊಮ್ಮಗಳು ಹುಟ್ಟಿದ ಮೇಲೆ ಸಂಜೆ ಹೊತ್ತು ಕಿರಿಕಿರಿ ಮಾಡಿ ಅಳುತ್ತಿದ್ದಳು. ತಾಯಿಗೆ ಹಾಲು ಸಾಲುತ್ತಿಲ್ಲ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಯಾರನ್ನೂ ಕೇಳಲಿಲ್ಲ, ಸೀದಾ ಔಷಧಿ ಅಂಗಡಿಗೆ ಹೋಗಿ ಬಾಣಂತಿಯರಿಗೆ ಹಾಲು ಹೆಚ್ಚಿಸುತ್ತದೆ ಎನ್ನುವ ಡಬ್ಬಿ ತಂದೆ. ಏಲಕ್ಕಿ ವಾಸನೆಯ ಸಿಹಿ ಪುಡಿ. ಬೆಳಿಗ್ಗೆ ಸಂಜೆ ನಾನೇ ಬಿಸಿ ಹಾಲಿಗೆ ಧಾರಾಳವಾಗಿ ಬೆರೆಸಿ ಕೊಡುತ್ತಿದ್ದೆ. ಅವಳು ಲೋಟ ಹಿಡಿದು ಕೋಣೆಗೆ ಹೋಗುತ್ತಿದ್ದಳು, ಲೋಟ ಖಾಲಿಯಾಗಿ ಬರುತ್ತಿತ್ತು. ಮಗು ದಿನೇ ದಿನೇ ಗುಂಡಗಾಯಿತು. ಎಲ್ಲಾ ನನ್ನ ಡಬ್ಬಿಯ ಮಹಿಮೆ ಎಂದು ಬೀಗಿದೆ. ಅದೇ ಹೊತ್ತಿಗೆ ಯಜಮಾನರೂ ಮೊಮ್ಮಗಳನ್ನು ಆಡಿಸುತ್ತೇನೆಂದು ಆ ಕೋಣೆಗೆ ಓಡುತ್ತಿದ್ದರು. ಈ ವಯಸ್ಸಿನಲ್ಲಿ ಎಂಥ ಮಮತೆ ಎಂದು ನನ್ನ ಕಣ್ಣು ತುಂಬಿ ಬಂದದ್ದೂ ಉಂಟು. ನನ್ನ ಬುದ್ಧಿಗಿಷ್ಟು!

"ಬರೀಬೇಡಿ ಡಾಕ್ಟ್ರೇ," ಎಂದಳು ಸೊಸೆ. "ಅತ್ತೆ ನಂಗೆ ಅಂತ ಬೆರೆಸಿಕೊಡೋ ಪುಡಿನ ಮಾವ ಕುಡೀತಿದಾರೆ. ದಿನಾ ಎರಡು ಲೋಟ."

ಡಾಕ್ಟರಮ್ಮನ ಪೆನ್ನು ನಿಂತಿತು. "ಹಾಲು ಬರೋಕೆ ಕೊಡೋ ಪುಡಿನಾ?"

"ಚೆಲ್ಲೋದು ಪಾಪ ಅಂತ ನಾನೇ ಕೇಳಿದೆ," ಎಂದರು ಯಜಮಾನರು, ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು. "ರುಚಿ ಮಾತ್ರ ಚೆನ್ನಾಗಿತ್ತು ಕಣೇ."

ನನ್ನ ಮೈಯೆಲ್ಲ ಉರಿದುಹೋಯಿತು. ಅಲ್ಲೇ ಜಾಡಿಸುತ್ತಿದ್ದೆ, ಡಾಕ್ಟರಮ್ಮ ಕೈ ಅಡ್ಡ ಹಿಡಿದರು.

"ನಗೋ ವಿಷಯ ಅಲ್ಲ ಯಜಮಾನ್ರೇ. ನಾನು ಮಾತ್ರೆ ಜಾಸ್ತಿ ಮಾಡಿ, ನಾಳೆ ನಿಮ್ಮ ಡಬ್ಬಿ ಖಾಲಿ ಆಗಿದ್ರೆ? ಸಕ್ಕರೆ ಸರ್ರಂತ ಇಳಿದು ಎಲ್ಲಾದ್ರೂ ಎಚ್ಚರ ತಪ್ಪಿ ಬೀಳ್ತಿದ್ರಿ. ಒಬ್ಬರಿಗೆ ಅಂತ ತಂದದ್ದನ್ನ ಇನ್ನೊಬ್ಬರು ಕುಡೀಬಾರ್ದು. ಏನೇ ಕುಡಿದ್ರೂ ನಮ್ಮ ಹತ್ರ ಮುಚ್ಚಿಡಬಾರ್ದು."

ನನ್ನ ಎದೆ ಧಸಕ್ಕೆಂದಿತು. ಆಣೆ ಹಾಕಿ ಆ ಮಾತ್ರೆ ಬರೆಸಲು ಹೊರಟವಳು ನಾನೇ ತಾನೇ! ಭಯವೆಲ್ಲ ಸಿಟ್ಟಾಗಿ ಸೊಸೆಯ ಮೇಲೆ ತಿರುಗಿತು.

"ನೀನ್ಯಾಕೆ ಕುಡೀಲಿಲ್ಲ? ನನ್ನ ಕಣ್ಣಿಗೆ ಮಣ್ಣೆರಚೋದಾ?"

"ಇಲ್ಲಿನ ನರ್ಸಕ್ಕನ್ನ ಮೊದಲ ವಾರಾನೇ ಕೇಳಿದ್ದೆ. ಮಗು ತೂಕ ಏರ್ತಿದೆ, ಬಟ್ಟೆ ಚೆನ್ನಾಗಿ ಒದ್ದೆ ಮಾಡ್ತಿದೆ, ಹಾಲು ಸಾಕಾಗ್ತಿದೆ ಅಂದ್ರು. ಅದು ಕೇಳ್ದಾಗೆಲ್ಲ ಕುಡಿಸು, ಪುಡಿಗಿಡಿ ಬೇಡ ಅಂದ್ರು."

"ಮತ್ತೆ ನಂಗೆ ಹೇಳೋಕೇನಾಗಿತ್ತು ದಾಡಿ?"

"ಹೇಳ್ದೆ ಅತ್ತೆ. ಎಷ್ಟೋ ಸಲ ಹೇಳ್ದೆ. 'ನಂಗೊತ್ತಿಲ್ವಾ, ಸುಮ್ನೆ ಕುಡಿ' ಅಂದ್ರಿ." ಅವಳು ಮಗುವನ್ನು ಎದೆಗೊತ್ತಿಕೊಂಡಳು. "ಮನೆಗೆ ಬಂದೋರ ಮುಂದೆಲ್ಲ ಇವಳಿಗೆ ಹಾಲಿಲ್ಲ, ಹಾಲಿಲ್ಲ ಅಂತಿದ್ರಿ. ಕೊನೆಗೆ ನಂಗೇ ಅನುಮಾನ ಬಂದುಬಿಡ್ತು. ಮಗು ಅತ್ರೆ ಸಾಕು, ನನ್ನಿಂದ್ಲೇ ಹಸಿದಿದೆಯೇನೋ ಅಂತ ನಾನೂ ಅಳ್ತಿದ್ದೆ."

ಹೇಳಿದ್ದಳು, ನಿಜ. ಅವಳು ಬಾಯಿ ತೆರೆದಾಗೆಲ್ಲ ನಾನು ಚಮಚ ಆಡಿಸುತ್ತಾ ಇನ್ನೇನೋ ಮಾತಾಡುತ್ತಿದ್ದೆ. ಪಾಪದ ಹುಡುಗಿ, ಎಷ್ಟು ನೊಂದಿತ್ತೋ!

ಡಾಕ್ಟರಮ್ಮ ಹಳೆಯ ಮಾತ್ರೆಯನ್ನೇ ಉಳಿಸಿ, ಪುಡಿ ನಿಲ್ಲಿಸಿ ಮತ್ತೆ ರಕ್ತ ಪರೀಕ್ಷೆಗೆ ಬರಲು ಹೇಳಿ ಕಳಿಸಿದರು. ಹೊರಗೆ ಬೆಂಚುಗಳ ತುಂಬಾ ಜನ. ಅವರಲ್ಲಿ ನಮ್ಮ ಬೀದಿಯವರೂ ಇದ್ದರು. ಹಾಲಿಲ್ಲವೆಂದು ನಾಲ್ಕು ಜನರ ಮುಂದೆ ಹೇಳಿದವಳು, ಇದೆಯೆಂದೂ ನಾಲ್ಕು ಜನರ ಮುಂದೆಯೇ ಹೇಳಬೇಕು ಎನಿಸಿತು.

"ಎಲ್ಲರೂ ಕೇಳಿಸ್ಕೊಳ್ಳಿ!" ಎಂದೆ, ಕೊನೆಯ ಸೀಟಿನವರೆಗೂ ಕೇಳುವ ದನಿಯಲ್ಲಿ. "ನಮ್ಮ ಸೊಸೆಗೆ ಹಾಲು ಬೇಕಾದಷ್ಟಿದೆ! ಇಲ್ಲ ಅಂದಿದ್ದು ನನ್ನ ತಪ್ಪು!"

ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದರು. ಯಜಮಾನರು ನಮಗೂ ತಮಗೂ ಸಂಬಂಧವೇ ಇಲ್ಲವೆಂಬಂತೆ ಬಾಗಿಲ ಕಡೆ ಹೆಜ್ಜೆ ಹಾಕಿದರು. ಸೊಸೆ ನಾಚಿ ಕೆಂಪಾಗಿ, ಮಗುವಿನ ಟೋಪಿಯಲ್ಲಿ ಮುಖ ಮರೆಸಿಕೊಂಡು ನನ್ನ ತೋಳು ಜಗ್ಗಿದಳು.

"ಅಯ್ಯೋ ಅತ್ತೆ, ದಮ್ಮಯ್ಯ, ಸುಮ್ನಿರಿ!"

ಇನ್ನೂ ನಾಲ್ಕು ಮಾತು ನನ್ನ ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ಅವಳು ಹೇಳಿದಳಲ್ಲ, ಕೇಳಿದೆ. ಬಾಯಿ ಮುಚ್ಚಿಕೊಂಡು ಅವಳ ಹಿಂದೆ ನಡೆದೆ.