ಅರ್ಥವಾಗಿ ಉಳಿದ ಹಾಡು

ನಾನು ಒಂದು ಪದ. ಇಂಗ್ಲಿಷಿನಲ್ಲಿ ನನ್ನ ಹೆಸರು ಥ್ರೆನೊಡಿ. ಸತ್ತವರಿಗಾಗಿ ಹಾಡುವ ಶೋಕದ ಹಾಡು ಎಂದು ಅರ್ಥ. ಹುಟ್ಟಿದ್ದು ಗ್ರೀಕರ ನಾಡಿನಲ್ಲಿ. ಅವರ ಮಾತಿನಲ್ಲಿ ಥ್ರೇನೋಸ್ ಎಂದರೆ ಗೋಳು, ಓಡೆ ಎಂದರೆ ಹಾಡು. ಅವೆರಡರ ಕೂಸು ನಾನು. ಹೆಣದ ಸುತ್ತ ಕುಳಿತ ಹೆಂಗಸರ ಗಂಟಲೇ ನನ್ನ ತೊಟ್ಟಿಲು.

ಸುಮಾರು ನಾನೂರು ವರ್ಷಗಳ ಹಿಂದೆ ಇಂಗ್ಲಿಷಿಗೆ ಬಂದೆ. ಅಲ್ಲಿ ದೊಡ್ಡವರು ಸತ್ತಾಗ ಕವಿಗಳು ನನ್ನನ್ನು ಕರೆದರು, ಉಳಿದ ದಿನ ಮರೆತರು. ಗಂಟಲಿನಿಂದ ಕಾಗದಕ್ಕೆ ಇಳಿದವನು ಹಾಗೇ ನಿಘಂಟಿನೊಳಗೆ ಮಲಗಿ ಗುಳೇದಗುಡ್ಡದವರೆಗೆ ಬಂದೆ.

ಅಲ್ಲಿ ಚನಬಸಪ್ಪ ಮಾಸ್ತರರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಅಪರೂಪದ ಪದಗಳೆಂದರೆ ಅವರಿಗೆ ಪ್ರೀತಿ. ನನ್ನನ್ನು ಬಾಯಿಪಾಠ ಮಾಡಿಕೊಂಡರು. ಅಂದಿನಿಂದ ಅವರು ಹೋದಲ್ಲೆಲ್ಲ ನಾನೂ ಇದ್ದೆ.

ಅವರ ತಂದೆ ಕುಪ್ಪಸದ ಬಟ್ಟೆಯಾದ ಖಣ ನೇಯುವವರು. ಒಂದು ಬೆಳಿಗ್ಗೆ ಮಗ್ಗದ ಮುಂದೆಯೇ ಹೋಗಿಬಿಟ್ಟರು. ಮಣ್ಣಿಗೆ ಒಯ್ಯುವ ಮುನ್ನ ಹೆಣಕ್ಕೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದರು. ಸತ್ತವರ ತಂಗಿ ನೀಲವ್ವ ಬಂದು ಅಣ್ಣನ ಮೊಣಕಾಲು ಹಿಡಿದು, ಆ ಕಡೆಯ ರೂಢಿಯಂತೆ ಹಾಡಿಕೊಂಡು ಅಳತೊಡಗಿದಳು.

“ಊರಿಗೆಲ್ಲಾ ಖಣ ನೇಯ್ದೆಲ್ಲೋ ನನ್ನಣ್ಣಾ, ಇನ್ನ ಪಂಚಮಿಗೆ ತವರಿಗೆ ನನ್ನ ಯಾರ ಕರೀತಾರೋ ನನ್ನಣ್ಣಾ...”

ನನಗೆ ಎಷ್ಟೋ ಕಾಲದ ಮೇಲೆ ತಾಯಿಯ ದನಿ ಕೇಳಿದಂತಾಯಿತು. ಅಷ್ಟರಲ್ಲಿ ಹೆಡ್‌ಮಾಸ್ತರರು ಹೂಮಾಲೆ ಹಿಡಿದು ಒಳಗೆ ಬಂದರು. ಚನಬಸಪ್ಪನವರಿಗೆ ನಾಚಿಕೆಯಾಯಿತು.

“ಅತ್ತೀ, ಸಾಕ ಮಾಡು. ಸಾಹೇಬ್ರು ಬಂದಾರ.”

“ಹಾಡಿ ಕಳಸಲಿಲ್ಲಂದ್ರ ನಮ್ಮಣ್ಣ ಹ್ಯಾಂಗ ಹೋದಾನಪ್ಪಾ?”

“ಸುಮ್ಮನ ಅಳು. ಹಾಡಬ್ಯಾಡ.”

“ಸಾಲಿ ಮಾಸ್ತರ ನೋಡವ್ವಾ, ಕಣ್ಣೀರಿಗೂ ಗಂಟಿ ಹೊಡಿತಾನ,” ಎಂದಳು ನೆರೆಯ ಗಂಗವ್ವ. ನೀಲವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಹೆಣ ಸದ್ದಿಲ್ಲದೆ ಹೊರಟಿತು.

ಮುಂದೆ ಒಂದು ದಿನ ಮಾಸ್ತರರು ತರಗತಿಯಲ್ಲಿ ನನ್ನ ಅರ್ಥ ಹೇಳಿದರು. ಒಬ್ಬ ಹುಡುಗಿ ಕೇಳಿದಳು: “ಸರ್, ಅದನ್ನ ಹ್ಯಾಂಗ ಹಾಡ್ತಾರ್ರಿ?”

ಅವರು ಪುಸ್ತಕ ಮುಚ್ಚಿದರು. ಶಾಲೆ ಬಿಟ್ಟವರೇ ಅತ್ತೆಯ ಮನೆಗೆ ನಡೆದರು.

“ಅತ್ತೀ, ಅವತ್ತಿನ ಹಾಡು ಪೂರ್ತಿ ಹಾಡು. ನಾ ಕೇಳ್ತೀನಿ.”

ನೀಲವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. “ಹೆಣ ಮುಂದಿಲ್ದ ಹಾಡಬಾರದಪ್ಪಾ, ಮನಿಗೆ ಕೇಡು. ಅದು ನಮ್ಮಣ್ಣಗ ಹೇಳೂದಿತ್ತು. ಅವನ ಕೂಡ ಮಣ್ಣಾಗ ಹೋತು.” ಆಮೇಲೆ ಚಹಾ ಮಾಡಿಕೊಟ್ಟಳು.

ಎರಡು ಮಳೆಗಾಲ ಕಳೆದ ಮೇಲೆ ನೀಲವ್ವನನ್ನೂ ಗೋಡೆಗೆ ಒರಗಿಸಿ ಕೂರಿಸಿದರು. ಹಾಗೆ ಹಾಡಬಲ್ಲವರು ಅಲ್ಲಿ ಸೇರಿದವರಲ್ಲಿ ಯಾರೂ ಇರಲಿಲ್ಲ. ಗಂಗವ್ವ ಸುತ್ತ ನೋಡಿ, “ಯಾರರ ಹಾಡಿನ ಒಂದ ನುಡಿ ಅನ್ರವಾ, ಹಂಗ ಕಳಸಬ್ಯಾಡ್ರಿ,” ಎಂದಳು. ಮಾಸ್ತರರು ಅತ್ತೆಯ ಮೊಣಕಾಲು ಹಿಡಿದರು. ಬಾಯಿ ತೆರೆದರು. ಅವರಿಗೆ ಬರುತ್ತಿದ್ದುದು ನೀಲವ್ವ ಅಂದು ಹಾಡಿದ ಒಂದೇ ನುಡಿ, ಅದೂ ತಂಗಿ ಅಣ್ಣನಿಗೆ ಹೇಳುವುದು. ಅದು ಬಿಟ್ಟರೆ ನಾನು. ಅವರ ನಾಲಿಗೆಯ ತುದಿಯಲ್ಲೇ ಇದ್ದೆ; ನನ್ನಿಂದ ಏನೂ ಆಗಲಿಲ್ಲ. ಬಾಯಿ ಮತ್ತೆ ಮುಚ್ಚಿತು.

ಈಗ ಮಾಸ್ತರರಿಗೆ ವಯಸ್ಸಾಗಿದೆ. ನಿಘಂಟಿನಲ್ಲಿ ನಾನಿರುವ ಪುಟದಲ್ಲಿ ಅವರು ತಂದೆ ನೇಯ್ದ ಖಣದ ತುಂಡೊಂದನ್ನು ಇಟ್ಟಿದ್ದಾರೆ. ಅದರ ಕೆಳಗೆ ಮಲಗಿದ್ದೇನೆ. ಸಂಜೆ ಪಕ್ಕದ ಮಠದಿಂದ ಪುರಾಣದ ದನಿ ಬರುತ್ತದೆ. ಅಲ್ಲಿ ಮೊದಲು ಪದ್ಯ ಹಾಡುತ್ತಾರೆ, ಆಮೇಲೆ ಅರ್ಥ ಹೇಳುತ್ತಾರೆ. ಈ ಮನೆಯಲ್ಲಿ ಅರ್ಥವೊಂದೇ ಉಳಿದಿದೆ.